ಸರ್ರಿಯಲಿಸ್ಟ್ ಹೆಂಗಸರ ಚಿತ್ರ ನೋಡುವುದು ಹೇಗೆ: ಕನಸು ಆಮೇಲೆ, ಮೊದಲು ಮನೆ ಸಾಮಾನು

ಸರ್ರಿಯಲಿಸಂ ಅಂದರೆ 1920ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಗುಂಪು ಶುರು ಮಾಡಿದ, ಕನಸು ಮತ್ತು ಒಳಮನಸ್ಸನ್ನು ಕಲೆಗೆ ತಂದ ಚಳವಳಿ. ಆ ಹೆಸರು ಕೇಳಿದ ತಕ್ಷಣ ಹೆಚ್ಚಿನವರಿಗೆ ನೆನಪಾಗುವುದು ಕರಗಿ ಜೋತುಬಿದ್ದ ಗಡಿಯಾರ, ಮೇಲಕ್ಕೆ ತಿರುಚಿದ ಮೀಸೆ. ಅಂದರೆ ಸ್ಪೇನಿನ ಚಿತ್ರಕಾರ ಸಾಲ್ವಡಾರ್ ಡಾಲಿ. ಅದೇ ಕಾಲಕ್ಕೆ, ಆ ಗುಂಪಿನ ಒಳಗೆ ಕೂತು, ಅಂಚಿನಲ್ಲಿ ನಿಂತು, ಕೆಲವೊಮ್ಮೆ ಅದಕ್ಕೆ ಬೆನ್ನು ಹಾಕಿ ಚಿತ್ರ ಬರೆದ ಹೆಂಗಸರು ಬಹಳ ಜನ ಇದ್ದರು. ಲಿಯೊನೊರಾ ಕ್ಯಾರಿಂಗ್ಟನ್, ರೆಮೆದಿಯೋಸ್ ವಾರೋ, ಡೊರೊತಿಯಾ ಟ್ಯಾನಿಂಗ್, ಮೆರೆಟ್ ಓಪನ್‌ಹೈಮ್, ಲಿಯೊನೋರ್ ಫಿನಿ. ಇವರ ಚಿತ್ರಗಳು ಈಗ ಇನ್‌ಸ್ಟಾಗ್ರಾಂನಲ್ಲಿ ಆಗಾಗ ಕಣ್ಣಿಗೆ ಬೀಳುತ್ತವೆ. ಏನೋ ವಿಚಿತ್ರವಾಗಿದೆ ಅಂತ ಲೈಕ್ ಒತ್ತಿ ಮುಂದೆ ಹೋಗುತ್ತೇವೆ. ಎಲ್ಲಿಂದ ನೋಡಲು ಶುರು ಮಾಡಬೇಕು ಅನ್ನುವುದೇ ಗೊತ್ತಾಗುವುದಿಲ್ಲ, ಅಲ್ವಾ?

ಈ ಬರಹ ಅದಕ್ಕೇ. ಕಲೆಯ ಇತಿಹಾಸ ಓದಿರಬೇಕಾಗಿಲ್ಲ. ಒಂದು ಫೋನು, ಇದ್ದರೆ ಲ್ಯಾಪ್‌ಟಾಪು, ಒಂದು ಹಾಳೆ, ಪೆನ್ಸಿಲು, ಅರ್ಧ ಗಂಟೆ ಪುರುಸೊತ್ತು. ಅಷ್ಟು ಸಾಕು.

ನಾನು ಹೇಳುವ ದಾರಿ ತುಂಬ ಸರಳ. ಚಿತ್ರದಲ್ಲಿ ಕನಸಿನ ಅರ್ಥ ಹುಡುಕಬೇಡಿ, ಮನೆ ಸಾಮಾನು ಹುಡುಕಿ. ಕುರ್ಚಿ, ಪರದೆ, ಊಟದ ಮೇಜು, ಕಪ್-ಬಸಿ, ಕಸೂತಿ, ಮಗುವಿನ ಆಟಿಕೆ, ಒಲೆ. ಇವರಲ್ಲಿ ಹಲವರು ಮನೆ ಬಿಟ್ಟು ಓಡಿದವರು, ಮನೆಯವರು ಹಾಕಿದ ಗೆರೆ ದಾಟಿದವರು. ಆದರೆ ಬರೆಯಲು ಕೂತಾಗ ಅವರ ಕೈಗೆ ಬಂದದ್ದು ಆ ಮನೆಯ ವಸ್ತುಗಳೇ. ಆ ವಸ್ತುವಿಗೆ ಅವರು ಏನು ಮಾಡಿದರು ಅನ್ನುವುದನ್ನು ನೋಡಿದರೆ ಅರ್ಧ ಚಿತ್ರ ತೆರೆದುಕೊಳ್ಳುತ್ತದೆ.

ಒಂದೇ ಒಂದು ಚಿತ್ರದಿಂದ ಶುರು ಮಾಡಿ

ಕ್ಯಾರಿಂಗ್ಟನ್ 1937-38ರಲ್ಲಿ ಬರೆದ ಸ್ವಂತ ಚಿತ್ರ, ಅಂದರೆ ಸೆಲ್ಫ್ ಪೋರ್ಟ್ರೇಟ್, ತೆಗೆಯಿರಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ, ಅವರ ವೆಬ್‌ಸೈಟಿನಲ್ಲೇ ನೋಡಬಹುದು. ಚಿತ್ರದ ಹೆಸರಿನ ಜೊತೆ 'ದಿ ಇನ್ ಆಫ್ ದಿ ಡಾನ್ ಹಾರ್ಸ್' ಅಂತಲೂ ಇರುತ್ತದೆ. ಪಕ್ಕದಲ್ಲಿರುವ ವಿವರಣೆ ಈಗಲೇ ಓದಬೇಡಿ. ಫೋನಿನಲ್ಲಿ ಐದು ನಿಮಿಷ ಟೈಮರ್ ಇಟ್ಟು, ಕಂಡದ್ದನ್ನೆಲ್ಲ ಹಾಳೆಯ ಮೇಲೆ ಬರೆಯುತ್ತ ಹೋಗಿ. ಹೀಗನ್ನಿಸಿತು, ಹಾಗನ್ನಿಸಿತು ಬೇಡ. ಬರೀ ವಸ್ತುಗಳ ಹೆಸರು.

ನಿಮ್ಮ ಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತದೆ. ಖಾಲಿ ಕೋಣೆ. ನೀಲಿ ಕುರ್ಚಿಯ ತುದಿಯಲ್ಲಿ ಕೂತ ಹುಡುಗಿ. ಕುದುರೆ ಸವಾರಿಯ ಬಿಳಿ ಪ್ಯಾಂಟು. ಬಾಚಣಿಗೆ ಕಾಣದ ಕೂದಲು. ಮುಂದೆ ಚಾಚಿದ ಕೈ, ಆ ಕೈಯ ಎದುರು ಒಂದು ಹೈನಾ, ಅಂದರೆ ಕತ್ತೆಕಿರುಬ, ಅದಕ್ಕೆ ಹಾಲು ತುಂಬಿದ ಮೊಲೆ. ಹಿಂದಿನ ಗೋಡೆಯ ಹತ್ತಿರ ಗಾಳಿಯಲ್ಲಿ ತೇಲುವ ಮರದ ಕುದುರೆ, ಮಕ್ಕಳು ಕೂತು ತೂಗುವಂಥದ್ದು. ಕಿಟಕಿ, ಪರದೆ. ಕಿಟಕಿಯಾಚೆ ಓಡುತ್ತಿರುವ ಬಿಳಿ ಕುದುರೆ.

ಈಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದರಲ್ಲಿ ಮನೆಗೆ ಸೇರಿದ್ದು ಯಾವುದು, ಸೇರದ್ದು ಯಾವುದು? ಯಾವುದು ಎರಡು ಸಲ ಬಂದಿದೆ? ಎರಡನೆಯ ಪ್ರಶ್ನೆಗೆ ಉತ್ತರ ಕುದುರೆ. ಒಳಗಿರುವುದು ಆಟದ್ದು, ಅದಕ್ಕೆ ಬಾಲವೂ ಇಲ್ಲ. ಹೊರಗಿರುವುದು ಜೀವಂತ, ಓಡುತ್ತಿದೆ. ಹುಡುಗಿ ಆಟದ ಕುದುರೆಗೆ ಬೆನ್ನು ಹಾಕಿ ಕೂತಿದ್ದಾಳೆ, ಪ್ಯಾಂಟು ಮಾತ್ರ ಸವಾರಿಗೆ ಹೊರಟವಳದ್ದು. ಯಾವ ಪುಸ್ತಕವೂ ಇಲ್ಲದೆ ಇಷ್ಟು ನಿಮಗೇ ಸಿಕ್ಕಿತು.

ಬದುಕಿನ ಕಥೆ ಇದಾದ ಮೇಲೆ ಓದಿ. ಮೊದಲು ಓದಿದರೆ ಕಣ್ಣು ಸೋಮಾರಿಯಾಗುತ್ತದೆ, ಓದಿದ್ದನ್ನೇ ಚಿತ್ರದಲ್ಲಿ ಹುಡುಕುತ್ತದೆ.

ಕ್ಯಾರಿಂಗ್ಟನ್ ಹುಟ್ಟಿದ್ದು 1917ರಲ್ಲಿ, ಇಂಗ್ಲೆಂಡಿನ ಲಂಕಾಷೈರ್‌ನಲ್ಲಿ. ಅಪ್ಪ ಹೆರಾಲ್ಡ್ ದೊಡ್ಡ ಬಟ್ಟೆ ಮಿಲ್ಲಿನ ಮಾಲೀಕ. ಅಮ್ಮ ಐರ್ಲೆಂಡಿನವಳು. ಮಗಳನ್ನು ಕಾನ್ವೆಂಟಿಗೆ ಸೇರಿಸಿದರು, ಅಲ್ಲಿಂದ ಹೊರಹಾಕಿದರು. ಇನ್ನೊಂದಕ್ಕೆ ಸೇರಿಸಿದರು, ಅಲ್ಲಿಯೂ ಅದೇ ಕಥೆ. ಆಮೇಲೆ ಬಂತು ಮುಖ್ಯ ಘಟ್ಟ. ಆಗಿನ ಇಂಗ್ಲೆಂಡಿನ ಶ್ರೀಮಂತರ ಮನೆಗಳಲ್ಲಿ ಹದಿನೆಂಟರ ಆಸುಪಾಸಿನ ಹುಡುಗಿಯರಿಗೆ ಉದ್ದ ಬಿಳಿ ಗೌನು ತೊಡಿಸಿ, ಅರಮನೆಗೆ ಕರೆದುಕೊಂಡು ಹೋಗಿ, ದೊರೆಯ ಮುಂದೆ ಮಂಡಿಬಗ್ಗಿಸಿ ವಂದಿಸುವಂತೆ ಮಾಡುತ್ತಿದ್ದರು. ಅಲ್ಲಿಂದ ತಿಂಗಳುಗಟ್ಟಲೆ ಪಾರ್ಟಿ, ಕುಣಿತ, ಕುದುರೆ ಪಂದ್ಯ. ನಮ್ಮ ಕಡೆಯ ಹೆಣ್ಣು ನೋಡುವ ಶಾಸ್ತ್ರವನ್ನು ಊರಿಗೆ ಊರೇ ಸೇರಿ ಮೂರು ತಿಂಗಳು ನಡೆಸಿದರೆ ಹೇಗಿರುತ್ತದೋ ಹಾಗೆ. ಕ್ಯಾರಿಂಗ್ಟನ್‌ಳನ್ನೂ ಐದನೇ ಜಾರ್ಜ್ ದೊರೆಯ ಮುಂದೆ ನಿಲ್ಲಿಸಿದರು. ಆಕೆ ಗಂಡನನ್ನು ಹುಡುಕಿಕೊಳ್ಳಲಿಲ್ಲ. ಲಂಡನ್ನಿನಲ್ಲಿ ಚಿತ್ರಕಲೆ ಕಲಿಯಲು ಹೋದಳು, 1937ರಲ್ಲಿ ಜರ್ಮನ್ ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್‌ನನ್ನು ಭೇಟಿಯಾದಳು, ಪ್ಯಾರಿಸ್ಸಿಗೆ ಹೊರಟುಹೋದಳು. ಆಗ ಆಕೆಗೆ 20, ಆತನಿಗೆ 46, ಆತನಿಗೆ ಮದುವೆ ಬೇರೆ ಆಗಿತ್ತು. ಅಪ್ಪನ ಮುಖವನ್ನು ಆಕೆ ಮತ್ತೆ ನೋಡಲೇ ಇಲ್ಲ.

ಇದೇ ಹೊತ್ತಿನಲ್ಲಿ ಆಕೆ ಒಂದು ಸಣ್ಣ ಕಥೆಯನ್ನೂ ಬರೆದಳು. ಅದು ಗೊತ್ತಾದರೆ ಚಿತ್ರದ ಕತ್ತೆಕಿರುಬ ಎಲ್ಲಿಂದ ಬಂತು ಅಂತ ತಿಳಿಯುತ್ತದೆ. ಪಾರ್ಟಿಗೆ ಹೋಗಲು ಇಷ್ಟವಿಲ್ಲದ ಹುಡುಗಿಯೊಬ್ಬಳು ಮೃಗಾಲಯದ ಕತ್ತೆಕಿರುಬದ ಸ್ನೇಹ ಮಾಡುತ್ತಾಳೆ, ತನ್ನ ಬದಲು ಅದಕ್ಕೇ ಗೌನು ತೊಡಿಸಿ ಕಳಿಸುತ್ತಾಳೆ. ಮುಖಕ್ಕೇನು ಮಾಡುವುದು? ಕೆಲಸದವಳನ್ನು ಕೊಂದು ಅವಳ ಮುಖವನ್ನೇ ಕಿತ್ತು ಹಾಕಿಕೊಳ್ಳುತ್ತದೆ ಆ ಪ್ರಾಣಿ. ಪಾರ್ಟಿಯಲ್ಲಿ ವಾಸನೆ ಹೊಡೆಯುತ್ತದೆ, ಗುಟ್ಟು ಬಯಲಾಗುತ್ತದೆ, ಅದು ಹಾಕಿಕೊಂಡ ಮುಖವನ್ನು ತಿಂದು ಕಿಟಕಿಯಿಂದ ಹಾರಿ ಹೋಗುತ್ತದೆ. ಓದಿದರೆ ನಗು ಬರುತ್ತದೆ, ಹೊಟ್ಟೆಯೂ ತೊಳಸುತ್ತದೆ. ಆದರೆ ಒಂದು ಮಾತು. ಸಾಹುಕಾರರ ಮಗಳು ಪಾರ್ಟಿ ತಪ್ಪಿಸಿಕೊಂಡಳು, ಜೀವ ಹೋದದ್ದು ಕೆಲಸದವಳದ್ದು. ಕ್ಯಾರಿಂಗ್ಟನ್‌ಗೆ ಇದು ಗೊತ್ತಿದ್ದೇ ಬರೆದಿದ್ದಾಳೆ ಅಂತ ನನ್ನ ಅನಿಸಿಕೆ. ಬಂಡಾಯದ ಕಥೆ ಓದುವಾಗ ಅದರ ಬೆಲೆ ಕಟ್ಟಿದವರು ಯಾರು ಅಂತಲೂ ನೋಡುವುದು ಒಳ್ಳೆಯದು.

ಓದುವಾಗ ಬೀಳಬಾರದ ಎರಡು ಗುಂಡಿ

ಮೊದಲನೆಯದು ಗಂಡಸಿನ ಹೆಸರು. ಯಾವ ಲೇಖನ ತೆಗೆದರೂ ಕ್ಯಾರಿಂಗ್ಟನ್ ಅಂದರೆ ಅರ್ನ್ಸ್ಟ್‌ನ ಪ್ರೇಯಸಿ, ಟ್ಯಾನಿಂಗ್ ಅಂದರೆ ಅರ್ನ್ಸ್ಟ್‌ನ ಹೆಂಡತಿ, ಓಪನ್‌ಹೈಮ್ ಅಂದರೆ ಮ್ಯಾನ್ ರೇ ತೆಗೆದ ಫೋಟೋದ ರೂಪದರ್ಶಿ. ಪ್ಯಾರಿಸ್ಸಿನ ಆ ಗುಂಪಿನ ಗಂಡಸರು ಮಧ್ಯಮ ವರ್ಗದ ಸಂಸಾರ, ಚರ್ಚು, ದೇಶ ಎಲ್ಲವನ್ನೂ ಬೈಯುತ್ತಿದ್ದರು, ನಿಜ. ಆದರೆ ಹೆಣ್ಣೆಂದರೆ ಅವರಿಗೆ ಸ್ಫೂರ್ತಿ ಕೊಡುವ ಮಗುವಿನಂಥ ಹುಡುಗಿ. ಗುಂಪಿನ ಮುಖಂಡ ಆಂದ್ರೆ ಬ್ರೆತೋಂಗೆ ಈ 'ಮಗು-ಹೆಣ್ಣು' ಅನ್ನುವ ಕಲ್ಪನೆ ಬಹಳ ಪ್ರಿಯ. ಹೀಗಾಗಿ ಇವರು ಎರಡು ಸಲ ಎದುರು ನಿಲ್ಲಬೇಕಾಯಿತು. ಒಮ್ಮೆ ಅಪ್ಪನ ಮನೆಯಲ್ಲಿ, ಇನ್ನೊಮ್ಮೆ ಗೆಳೆಯರ ಕೆಫೆಯಲ್ಲಿ. ಆ ಗುಂಪಿನಲ್ಲಿ ತಾನು ಅಳುಕುತ್ತ ಕೂತು ಕೇಳಿಸಿಕೊಳ್ಳುವವಳಷ್ಟೇ ಆಗಿದ್ದೆ ಅಂತ ವಾರೋ ಆಮೇಲೆ ಹೇಳಿಕೊಂಡಿದ್ದಾಳೆ. ಕ್ಯಾರಿಂಗ್ಟನ್ ಬಾಯಿ ಇನ್ನೂ ಖಾರ. ಯಾರದೋ ಸ್ಫೂರ್ತಿದೇವತೆಯಾಗಲು ನನಗೆ ಪುರುಸೊತ್ತಿರಲಿಲ್ಲ, ಮನೆಯವರ ವಿರುದ್ಧ ದಂಗೆ ಏಳುವುದರಲ್ಲಿ, ಚಿತ್ರ ಕಲಿಯುವುದರಲ್ಲಿ ಮುಳುಗಿದ್ದೆ ಅಂದಳು. ಟ್ಯಾನಿಂಗ್‌ಗೆ 'ಮಹಿಳಾ ಕಲಾವಿದೆ' ಅನ್ನುವ ಪಟ್ಟಿಯೇ ಆಗುತ್ತಿರಲಿಲ್ಲ. ಹಾಗೊಂದಿದ್ದರೆ 'ಆನೆ ಕಲಾವಿದ' ಅಂತಲೂ ಇರಬೇಕಲ್ಲ ಅನ್ನುವ ಧಾಟಿ ಅವಳದು.

ಇದಕ್ಕೆ ಸುಲಭ ಉಪಾಯ ಇದೆ. ಲೇಖನದಲ್ಲಿ ಗಂಡಸಿನ ಹೆಸರಿನಿಂದ ಶುರುವಾಗುವ ವಾಕ್ಯ ಬಿಟ್ಟು ಮುಂದೆ ಹೋಗಿ, ಚಿತ್ರದ ಇಸವಿ, ಅಳತೆ, ಯಾವ ಬಣ್ಣ ಅಂತ ನೋಡಿ. ವಾಪಸ್ ಬಂದು ಬಿಟ್ಟದ್ದನ್ನು ಓದಿ. ಕ್ರಮ ಬದಲಾದರೆ ತೂಕವೂ ಬದಲಾಗುತ್ತದೆ.

ಎರಡನೆಯ ಗುಂಡಿ ಹುಚ್ಚು. ಎರಡನೇ ಮಹಾಯುದ್ಧದ ನಡುವೆ, 1940ರಲ್ಲಿ, ಅರ್ನ್ಸ್ಟ್‌ನನ್ನು ಫ್ರಾನ್ಸಿನಲ್ಲಿ ಬಂಧಿಸಿದರು. ಕ್ಯಾರಿಂಗ್ಟನ್ ಸ್ಪೇನಿಗೆ ಓಡಿದಳು, ಮ್ಯಾಡ್ರಿಡ್‌ನಲ್ಲಿ ಮನಸ್ಸು ಕೆಟ್ಟಿತು, ಸಾಂತಾಂದೇರ್ ಊರಿನ ಮಾನಸಿಕ ಆಸ್ಪತ್ರೆಗೆ ಹಾಕಿದರು. ಅಲ್ಲಿ ಕಾರ್ಡಿಯಝಾಲ್ ಅನ್ನುವ ಚುಚ್ಚುಮದ್ದು, ಅದು ಮೈಗೆ ಸೆಳವು ಬರಿಸುವಂಥದ್ದು. ಮನೆಯವರು ದಕ್ಷಿಣ ಆಫ್ರಿಕಾದ ಆಸ್ಪತ್ರೆಯೊಂದಕ್ಕೆ ಸಾಗಿಸುವ ಏರ್ಪಾಡು ಮಾಡಿದರು. ಹಡಗು ಹತ್ತಿಸಲು ಲಿಸ್ಬನ್‌ಗೆ ಕರೆತಂದಾಗ ಆಕೆ ಕಾವಲಿನವರ ಕಣ್ಣು ತಪ್ಪಿಸಿ ನೇರ ಮೆಕ್ಸಿಕೋದ ರಾಯಭಾರ ಕಚೇರಿಗೆ ಓಡಿದಳು. ಅಲ್ಲಿದ್ದ ಪರಿಚಯದ ರೆನಾತೊ ಲೆದುಕ್‌ನನ್ನು ಮದುವೆಯಾದಳು. ಅದು ಯುರೋಪಿನಿಂದ ಹೊರಬೀಳಲು ಬೇಕಾದ ಕಾಗದದ ಮದುವೆ. 1941ರಲ್ಲಿ ನ್ಯೂಯಾರ್ಕ್, ಆಮೇಲೆ ಮೆಕ್ಸಿಕೋ. ಸಿನಿಮಾದಂತಿದೆ, ಅದಕ್ಕೇ ಎಲ್ಲರೂ ಇದನ್ನೇ ಹೇಳುತ್ತಾರೆ. ಹೇಳಿ ಮುಗಿಸಿ, 'ಹುಚ್ಚು ಹಿಡಿದಿತ್ತು, ಅದಕ್ಕೇ ಇಂಥ ಚಿತ್ರ' ಅಂತ ಮೊಹರು ಒತ್ತುತ್ತಾರೆ. ಲೆಕ್ಕ ನೋಡಿ. ಆಸ್ಪತ್ರೆಯಲ್ಲಿದ್ದದ್ದು ಕೆಲವೇ ತಿಂಗಳು. ಆಮೇಲೆ 2011ರಲ್ಲಿ ತೀರಿಕೊಳ್ಳುವ ತನಕ, ಹೆಚ್ಚುಕಡಿಮೆ 70 ವರ್ಷ, ಆಕೆ ಮೆಕ್ಸಿಕೋದಲ್ಲಿ ಸಂಸಾರ ಮಾಡಿಕೊಂಡು, ಇಬ್ಬರು ಗಂಡುಮಕ್ಕಳನ್ನು ಸಾಕುತ್ತ, ಬಿಡದೆ ಕೆಲಸ ಮಾಡಿದಳು. ನೀವು ಓದುವ ಲೇಖನ ಆ 70 ವರ್ಷಕ್ಕೆ ಎಷ್ಟು ಸಾಲು ಕೊಟ್ಟಿದೆ ನೋಡಿ. ಎರಡೇ ಸಾಲಾದರೆ ಬೇರೆ ಲೇಖನ ಹುಡುಕಿ.

ವಾರೋ: ನಿಧಾನವಾಗಿ, ಜೂಮ್ ಮಾಡಿ

ನನ್ನನ್ನು ಕೇಳಿದರೆ ಈ ಎಲ್ಲರಲ್ಲಿ ಜಾಸ್ತಿ ಹೊತ್ತು ಕೊಡಬೇಕಾದವಳು ರೆಮೆದಿಯೋಸ್ ವಾರೋ. 1908ರಲ್ಲಿ ಸ್ಪೇನಿನ ಕತಲೋನಿಯಾದಲ್ಲಿ ಹುಟ್ಟಿದಳು. ಅಪ್ಪ ನೀರಾವರಿ ಎಂಜಿನಿಯರ್, ಮಗಳಿಗೆ ಸ್ಕೇಲು ಕಂಪಾಸು ಕೊಟ್ಟು ನಕ್ಷೆ ಬಿಡಿಸಲು ಕಲಿಸಿದ. ಓದಿದ್ದು ಕಾನ್ವೆಂಟಿನಲ್ಲಿ, ನಂತರ ಮ್ಯಾಡ್ರಿಡ್‌ನ ಕಲಾಶಾಲೆಯಲ್ಲಿ. ಸ್ಪೇನಿನ ಅಂತರ್ಯುದ್ಧದ ಕಾಲಕ್ಕೆ ಪ್ಯಾರಿಸ್ಸಿಗೆ ಹೋದಳು, ಅಲ್ಲಿಗೂ ನಾಜಿಗಳು ಬಂದರು, 1941ರ ಕೊನೆಗೆ ಮೆಕ್ಸಿಕೋ ಸೇರಿದಳು. ಅಪ್ಪ ಕಲಿಸಿದ ಎಂಜಿನಿಯರಿಂಗ್ ಗೆರೆಯನ್ನು ಮಾತ್ರ ಕೊನೆತನಕ ಬಿಡಲಿಲ್ಲ. ಅವಳ ಚಿತ್ರದ ವಿಚಿತ್ರ ಯಂತ್ರಗಳನ್ನು ಹತ್ತಿರದಿಂದ ನೋಡಿ. ಪ್ರತಿ ಚಕ್ರ, ಪ್ರತಿ ಹಗ್ಗ ಕೆಲಸ ಮಾಡುವಂತೆ ಜೋಡಿಸಿರುತ್ತಾಳೆ.

1960-61ರಲ್ಲಿ ಬರೆದ ಮೂರು ಚಿತ್ರಗಳ ಸರಣಿ ಇದೆ. ಮೂರನ್ನೂ ಬೇರೆ ಬೇರೆ ಟ್ಯಾಬಿನಲ್ಲಿ ತೆರೆದಿಟ್ಟುಕೊಂಡು ಕ್ರಮವಾಗಿ ನೋಡಿ. ಕ್ರಮ ತಪ್ಪಿದರೆ ಮಜಾ ಹೋಗುತ್ತದೆ.

ಮೊದಲನೆಯದು 'ಗೋಪುರದ ಕಡೆಗೆ'. ಒಂದೇ ಥರದ ಬಟ್ಟೆ, ಒಂದೇ ಥರದ ಕೂದಲಿನ ಹುಡುಗಿಯರ ಸಾಲು, ಸೈಕಲ್ಲಿನ ಮೇಲೆ. ಮುಂದೆ ಸನ್ಯಾಸಿನಿಯಂಥ ಹೆಂಗಸು. ಜೊತೆಗೊಬ್ಬ ಗಂಡಸು, ಅವನ ಚೀಲದಿಂದ ಹಕ್ಕಿಗಳು ಹೊರಬಂದು ಮೇಲೆ ಹಾರುತ್ತಿವೆ, ಕಾವಲಿಗೆ. ಈಗ ಹುಡುಗಿಯರ ಕಣ್ಣು ಜೂಮ್ ಮಾಡಿ. ಎಲ್ಲರ ನೋಟ ಮಂಕು ಬಡಿದಂತೆ ನೆಟ್ಟಗೆ. ಒಬ್ಬಳು ಮಾತ್ರ ಬೇರೆ ಕಡೆ ನೋಡುತ್ತಿದ್ದಾಳೆ. ಇಡೀ ಚಿತ್ರದಲ್ಲಿ ನಡೆದಿರುವ ದಂಗೆ ಅಷ್ಟೇ, ಎರಡು ಸಣ್ಣ ಕಣ್ಣು.

ಎರಡನೆಯದು 'ಭೂಮಿಯ ಸೆರಗಿಗೆ ಕಸೂತಿ' ಅನ್ನಬಹುದಾದ ಚಿತ್ರ. ಅದೇ ಹುಡುಗಿಯರು ಗೋಪುರದ ತುದಿಯ ಕೋಣೆಯಲ್ಲಿ ಕೂತು ಕಸೂತಿ ಹಾಕುತ್ತಿದ್ದಾರೆ. ನಡುವೆ ಮುಸುಕು ಹಾಕಿದ ಗುರುವೊಬ್ಬ ಪುಸ್ತಕ ಹಿಡಿದು, ಪಾತ್ರೆಯಲ್ಲಿ ಏನೋ ಕಲಕುತ್ತಿದ್ದಾನೆ, ದಾರ ಬರುವುದು ಆ ಪಾತ್ರೆಯಿಂದ. ಹುಡುಗಿಯರು ಹಾಕಿದ ಬಟ್ಟೆ ಗೋಡೆಯ ಕಿಂಡಿಯಿಂದ ಹೊರಗೆ ಸುರಿದು ಮನೆ, ಮರ, ನೀರು, ದೋಣಿ, ಇಡೀ ಪ್ರಪಂಚವೇ ಆಗುತ್ತಿದೆ. ಅಂದರೆ ಹುಡುಗಿಯರು ಹೊಲಿಗೆ ಕಲಿಯಲಿ ಅಂತ ಕೂರಿಸಿದ ಜಾಗದಲ್ಲೇ ಜಗತ್ತು ತಯಾರಾಗುತ್ತಿದೆ, ಆದರೆ ಮಾದರಿ ಮಾತ್ರ ಗುರುವಿನದು. ಇಲ್ಲಿ ನಿಧಾನ ಮಾಡಿ. ನಮ್ಮ ಹುಡುಗಿ ಬಟ್ಟೆಯ ಮಡಿಕೆಯೊಂದರಲ್ಲಿ ಗುಟ್ಟಾಗಿ ತನ್ನನ್ನೂ ತನ್ನ ಹುಡುಗನನ್ನೂ ಹೆಣೆದಿದ್ದಾಳೆ, ತಲೆಕೆಳಗಾಗಿ. ಚಿತ್ರವನ್ನು ತಿರುಗಿಸಿ ಹುಡುಕಿ. ಫೋನಿನಲ್ಲಿ ಸಿಗದಿದ್ದರೆ ದೊಡ್ಡ ಪರದೆಯಲ್ಲಿ ನೋಡಿ, ಸಿಗುತ್ತದೆ.

ಮೂರನೆಯದು 'ಓಟ'. ಅವಳೂ ಅವನೂ ತಲೆಕೆಳಗಾದ ಛತ್ರಿಯಂಥ ವಾಹನದಲ್ಲಿ ನಿಂತು ಹಳದಿ ಮೋಡದ ಮೇಲೆ ಬೆಟ್ಟದ ಕಡೆ ಹೊರಟಿದ್ದಾರೆ. ಮೂರರಲ್ಲಿ ನನಗೆ ಕಡಿಮೆ ಹಿಡಿಸಿದ್ದು ಇದೇ. ಎರಡನೆಯದರ ಆ ಕಳ್ಳ ಹೊಲಿಗೆ ಇದೆಯಲ್ಲ, ಅದರ ಮುಂದೆ ಇದು ಸುಮ್ನೆ ಚೆಂದ.

ವಾರೋಳ ಇನ್ನೆರಡು ಚಿತ್ರ ಜೊತೆಗಿಟ್ಟುಕೊಳ್ಳಿ. ಎರಡೂ 1960ರವು. ಒಂದರಲ್ಲಿ ಹೆಂಗಸೊಬ್ಬಳು ಮನಶ್ಶಾಸ್ತ್ರಜ್ಞನ ಮನೆಯಿಂದ ಹೊರಬಂದು, ಒಂದು ಪುಟ್ಟ ತಲೆಯನ್ನು ಗಡ್ಡ ಹಿಡಿದು ಬಾವಿಗೆ ಬಿಡುತ್ತಿದ್ದಾಳೆ. ಅದು ಅಪ್ಪನ ತಲೆ ಅಂತ ವಾರೋಳೇ ಟಿಪ್ಪಣಿ ಬರೆದಿದ್ದಾಳೆ, ಮನಶ್ಶಾಸ್ತ್ರಜ್ಞನ ಮನೆಯಿಂದ ಬಂದ ಮೇಲೆ ಮಾಡಬೇಕಾದದ್ದೇ ಇದು ಅನ್ನುವ ಹಾಗೆ. ಮುಖದಲ್ಲಿ ಸಿಟ್ಟಿಲ್ಲ, ಅಳುವಿಲ್ಲ, ಕಸ ಎಸೆದು ಬರುವವಳ ನೆಮ್ಮದಿ. ಇನ್ನೊಂದರ ಹೆಸರು 'ಮಿಮೆತಿಸ್ಮೊ'. ಕುರ್ಚಿಯಲ್ಲಿ ಕೂತೂ ಕೂತೂ ಹೆಂಗಸು ಕುರ್ಚಿಯೇ ಆಗಿಬಿಟ್ಟಿದ್ದಾಳೆ. ಮುಖದ ಚರ್ಮಕ್ಕೆ ಕುರ್ಚಿ ಬಟ್ಟೆಯ ಹೂವಿನ ಚಿತ್ತಾರ ಬಂದಿದೆ, ಕೈಕಾಲು ಮರವಾಗಿದೆ, ಬೆಕ್ಕೊಂದು ನೆಲದ ಬಿರುಕಿನಿಂದ ಗಾಬರಿಯಲ್ಲಿ ನೋಡುತ್ತಿದೆ. ಇದಕ್ಕೆ ವ್ಯಾಖ್ಯಾನ ಬೇಕಾ? ಮನೆಯಲ್ಲಿ ಯಾರಿಗಾದರೂ ತೋರಿಸಿ, ಅವರೇ ಹೇಳುತ್ತಾರೆ.

ಒಂದು ವಿಷಯ ಮರೆಯಬೇಡಿ. ಮನೆ ಬಿಟ್ಟು ಬಂದ ಕೂಡಲೇ ಯಾರೂ ಇವಳ ಕೈಗೆ ಕುಂಚ ಕೊಟ್ಟು ಕೂರಿಸಲಿಲ್ಲ. ಮೆಕ್ಸಿಕೋದಲ್ಲಿ ವಾರೋ ವರ್ಷಗಟ್ಟಲೆ ಹೊಟ್ಟೆಪಾಡಿಗೆ ಕೆಲಸ ಮಾಡಿದಳು. ಪೀಠೋಪಕರಣಕ್ಕೆ ಬಣ್ಣ ಹಚ್ಚಿದಳು, ಬೇಯರ್ ಔಷಧ ಕಂಪನಿಯ ಜಾಹೀರಾತಿಗೆ ಚಿತ್ರ ಬರೆದಳು. 1950ರ ದಶಕದಲ್ಲಿ, ವಾಲ್ಟರ್ ಗ್ರೂಯೆನ್ ಜೊತೆ ಬದುಕತೊಡಗಿದ ಮೇಲೆ, ಪೂರ್ತಿ ಹೊತ್ತು ತನ್ನ ಚಿತ್ರಕ್ಕೆ ಸಿಕ್ಕಿತು. ಒಬ್ಬಳದೇ ಮೊದಲ ಪ್ರದರ್ಶನ 1956ರಲ್ಲಿ. 1963ರಲ್ಲಿ ಹೃದಯಾಘಾತದಿಂದ ತೀರಿಕೊಂಡಳು, ಆಗ 54. ನಾವು ಇಂದು ವಾರೋ ಅಂತ ಗುರುತಿಸುವ ಚಿತ್ರಗಳಲ್ಲಿ ಬಹುಪಾಲು ಆ ಹತ್ತು ವರ್ಷದ ಆಸುಪಾಸಿನವು. ಸಂಬಳ, ಬಾಡಿಗೆ, ವೀಸಾ ಇವನ್ನೆಲ್ಲ ಬಿಟ್ಟು ಬಂಡಾಯದ ಕಥೆ ಹೇಳಿದರೆ ಅದು ಅರ್ಧ ಸುಳ್ಳು.

ಮೇಜು ಹಿಡಿದು ಹೋಗಿ

ಒಬ್ಬೊಬ್ಬರನ್ನೇ ನೋಡಿ ಸಾಕಾದರೆ ಒಂದು ವಸ್ತು ಹಿಡಿದುಕೊಂಡು ನಾಲ್ಕು ಜನರ ಹತ್ತಿರ ಹೋಗಿ. ನಾನು ಊಟದ ಮೇಜು ಆರಿಸುತ್ತೇನೆ.

ಟ್ಯಾನಿಂಗ್ 1954ರಲ್ಲಿ ಬರೆದ ಕುಟುಂಬದ ಚಿತ್ರ ಪ್ಯಾರಿಸ್ಸಿನ ಪಾಂಪಿಡೂ ಕೇಂದ್ರದಲ್ಲಿದೆ. ಮಡಿಕೆಯ ಗೆರೆ ಕಾಣುವ ಬಿಳಿ ಮೇಜುಬಟ್ಟೆ. ಅದರಾಚೆ ಕನ್ನಡಕ ಹಾಕಿದ ಗಂಡಸು, ಬೆಟ್ಟದಷ್ಟು ದೊಡ್ಡವನು. ಮುಂದೆ ಕೂತ ಮಗಳು ಸಾಮಾನ್ಯ ಗಾತ್ರ. ಊಟ ತರುವ ಹೆಂಗಸು ನಾಯಿಯ ಪಕ್ಕ ಗೊಂಬೆಯಷ್ಟು ಚಿಕ್ಕವಳು. ಮನೆಯಲ್ಲಿ ಯಾರಿಗೆ ಎಷ್ಟು ಬೆಲೆ ಅನ್ನುವುದನ್ನು ಟೇಪು ಹಿಡಿದು ಅಳೆದ ಹಾಗೆ. ಇಲಿನಾಯ್‌ನ ಗೇಲ್ಸ್‌ಬರ್ಗ್ ಅನ್ನುವ ಸಣ್ಣ ಊರಿನಲ್ಲಿ 1910ರಲ್ಲಿ ಹುಟ್ಟಿದವಳು ಈಕೆ. 101 ವರ್ಷ ಬದುಕಿದಳು. ಮುಂದೆ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ, ಉಣ್ಣೆ ತುಂಬಿ ಮೆತ್ತನೆಯ ಶಿಲ್ಪಗಳನ್ನೇ ಮಾಡಿದಳು, ಗೋಡೆ ಸೀಳಿಕೊಂಡು ಹೊರಬರುವ ಮೈಗಳು. ಅವನ್ನೂ ಹುಡುಕಿ ನೋಡಿ.

ಓಪನ್‌ಹೈಮ್ ಮಾಡಿದ್ದು ಚಿತ್ರ ಅಲ್ಲ, ವಸ್ತು. 1936ರಲ್ಲಿ ಅಂಗಡಿಯಿಂದ ಒಂದು ಕಪ್ಪು, ಬಸಿ, ಚಮಚ ತಂದು ಮೂರಕ್ಕೂ ಜಿಂಕೆ ಜಾತಿಯ ಪ್ರಾಣಿಯ ತುಪ್ಪಳದ ಚರ್ಮ ಹೊದಿಸಿದಳು. ಈಗ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ, ಅಂದರೆ ಮೋಮಾದಲ್ಲಿದೆ. ನೋಡುವಾಗ ತುಟಿಗೆ ತಾಗಿದರೆ ಹೇಗಿರುತ್ತದೆ ಅಂತ ಯೋಚಿಸಿ, ಕೆಲಸ ಮಾಡುವುದು ಅಲ್ಲೇ. ಅದೇ ವರ್ಷದ ಇನ್ನೊಂದು ನನಗೆ ಇದಕ್ಕಿಂತ ಇಷ್ಟ. ಎತ್ತರದ ಹಿಮ್ಮಡಿಯ ಬಿಳಿ ಶೂ ಜೋಡಿಯನ್ನು ಬೋರಲು ಹಾಕಿ, ದಾರದಿಂದ ಬಿಗಿದು, ಹಿಮ್ಮಡಿಗೆ ಕಾಗದದ ಕುಚ್ಚು ತೊಡಿಸಿ, ಹುರಿದ ಕೋಳಿಯಂತೆ ತಟ್ಟೆಯಲ್ಲಿ ಬಡಿಸಿದ್ದಾಳೆ. ಹೆಸರು 'ನನ್ನ ಆಯಾ'. ಸ್ಟಾಕ್‌ಹೋಮ್‌ನಲ್ಲಿದೆ. ಆ ತುಪ್ಪಳದ ಕಪ್‌ನಿಂದ ಸಿಕ್ಕ ಹೆಸರು ಆಕೆಗೆ ಹೊರೆಯಾಯಿತು. ಆಮೇಲೆ 1954ರ ತನಕ ಬಹಳ ವರ್ಷ ಕೆಲಸ ಸಾಗದೆ ಒದ್ದಾಡಿದಳು, ಮಾಡಿದ್ದನ್ನು ತಾನೇ ನಾಶಮಾಡಿದಳು. 1975ರಲ್ಲಿ ಬಾಸೆಲ್ ನಗರದ ಪ್ರಶಸ್ತಿ ತೆಗೆದುಕೊಳ್ಳುವಾಗ, ಸ್ವಾತಂತ್ರ್ಯವನ್ನು ಯಾರೂ ಕೊಡುವುದಿಲ್ಲ, ತೆಗೆದುಕೊಳ್ಳಬೇಕು ಅಂದಳು. ಆ ಒದ್ದಾಟದ ವರ್ಷಗಳು ಗೊತ್ತಿದ್ದರೆ ಈ ಮಾತು ಪೋಸ್ಟರಿನ ಮಾತಿನಂತೆ ಕೇಳುವುದಿಲ್ಲ.

ಕ್ಯಾರಿಂಗ್ಟನ್‌ಳ 'ಎದುರು ಮನೆ', 1945ರದು. ಮನೆಯನ್ನು ಅಡ್ಡ ಸೀಳಿ ಎಲ್ಲ ಕೋಣೆ ತೋರಿಸಿದ್ದಾಳೆ. ಒಂದು ಮೂಲೆಯಲ್ಲಿ ಮೂವರು ಹೆಂಗಸರು ಹಂಡೆ ಕಲಕುತ್ತಿದ್ದಾರೆ. ವಾರೋಳ 1958ರ ಒಂದು ಚಿತ್ರದಲ್ಲಿ ಒಂಟಿ ಹೆಂಗಸು ನಕ್ಷತ್ರಗಳನ್ನು ಯಂತ್ರದಲ್ಲಿ ಅರೆದು, ಮಗುವಿಗೆ ಉಣಿಸುವಂಥ ಸರಿ ಮಾಡಿ, ಪಂಜರದಲ್ಲಿರುವ ಚಂದ್ರನಿಗೆ ಚಮಚದಲ್ಲಿ ತಿನ್ನಿಸುತ್ತಿದ್ದಾಳೆ. ಇವರಿಬ್ಬರೂ ಮೆಕ್ಸಿಕೋ ನಗರದಲ್ಲಿ ಹತ್ತಿರ ಹತ್ತಿರ ಇದ್ದರು, ಹಂಗೇರಿಯಿಂದ ಬಂದ ಫೋಟೋಗ್ರಾಫರ್ ಕಾತಿ ಹೋರ್ನಾ ಮೂರನೆಯವಳು. ಒಬ್ಬರ ಅಡುಗೆಮನೆಯಲ್ಲಿ ಇನ್ನೊಬ್ಬರು. ವಾರೋ ಅಡುಗೆ ಪುಸ್ತಕದ ಧಾಟಿಯಲ್ಲೇ, ಬೇಕಾದ ಕನಸು ಬೀಳಿಸುವ ಪಾಕವಿಧಾನಗಳನ್ನು ಬರೆದಿಟ್ಟಿದ್ದಾಳೆ. ಅಪ್ಪನ ಮನೆಯಲ್ಲಿ ಅಡುಗೆಮನೆ ಬೇರೆಯವರ ಜಾಗವಾಗಿತ್ತು. ಇಲ್ಲಿ ಅದೇ ಸ್ಟುಡಿಯೋ ಆಯಿತು.

ಎಲ್ಲ ಅಪ್ಪ ಅಮ್ಮಂದಿರೂ ವಿಲನ್ ಅಲ್ಲ

ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಸರ್ರಿಯಲಿಸಂ ಬಗ್ಗೆ ಮೊದಲ ಪುಸ್ತಕವನ್ನು ಕ್ಯಾರಿಂಗ್ಟನ್ ಕೈಗಿಟ್ಟವಳು ಅವಳ ಅಮ್ಮನೇ. ಓಪನ್‌ಹೈಮ್‌ಳ ಅಜ್ಜಿ ಲೀಸಾ ವೆಂಗರ್ ತಾನೇ ಚಿತ್ರ ಕಲಿತವಳು, ಲೇಖಕಿ. ಫಿನಿಯ ಅಮ್ಮ ಗಂಡನನ್ನು ಬಿಟ್ಟು ಅರ್ಜೆಂಟೀನಾದಿಂದ ಇಟಲಿಯ ತ್ರಿಯೆಸ್ತೆಗೆ ಬಂದು, ಅವನ ಕಡೆಯವರು ಮಗುವನ್ನು ಎತ್ತಿಕೊಂಡು ಹೋಗದಂತೆ ಗಂಡು ವೇಷ ಹಾಕಿಸಿ ಬೆಳೆಸಿದಳು. ಫಿನಿ ದೊಡ್ಡವಳಾದ ಮೇಲೂ ವೇಷ ಬಿಡಲಿಲ್ಲ ಬಿಡಿ. ಇಬ್ಬರು ಗಂಡಸರು, ಲೆಕ್ಕವಿಲ್ಲದಷ್ಟು ಬೆಕ್ಕುಗಳ ಜೊತೆ ಸಂಸಾರ ಮಾಡಿದಳು. ಗುಂಪಿಗೆ ಅಧಿಕೃತವಾಗಿ ಸೇರಲೂ ಇಲ್ಲ.

ಫ್ರಿಡಾ ಕಾಹ್ಲೊ ಹೆಸರು ಎಲ್ಲರಿಗೂ ಗೊತ್ತು. ಬ್ರೆತೋಂ ಈಕೆಯನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡ. ಆಕೆ ಒಪ್ಪಲಿಲ್ಲ. ನಾನು ಕನಸು ಬರೆದವಳಲ್ಲ, ನನ್ನ ನಿಜವನ್ನೇ ಬರೆದೆ ಅಂದಳು.

ಇನ್ನಿಬ್ಬರನ್ನು ಈ 'ಹೆಂಗಸರು' ಅನ್ನುವ ಪಟ್ಟಿಗೆ ಸಲೀಸಾಗಿ ಸೇರಿಸಬೇಡಿ. ಕ್ಲಾಡ್ ಕಾಹುನ್ ಫ್ರಾನ್ಸಿನ ನಾಂತ್ ಊರಿನವರು, ಹುಟ್ಟುಹೆಸರು ಲೂಸಿ ಶ್ವಾಬ್. ಹೆಣ್ಣೂ ಅಲ್ಲದ ಗಂಡೂ ಅಲ್ಲದ ಲಿಂಗವೇ ತನಗೆ ಯಾವಾಗಲೂ ಒಪ್ಪುವುದು ಅಂತ 1930ರಲ್ಲೇ ಬರೆದವರು. ಸಂಗಾತಿ ಮಾರ್ಸೆಲ್ ಮೂರ್ ಜೊತೆ ಜರ್ಸಿ ದ್ವೀಪದಲ್ಲಿದ್ದಾಗ ನಾಜಿ ಸೈನಿಕರ ನಡುವೆ ಯುದ್ಧವಿರೋಧಿ ಚೀಟಿ ಹಂಚಿ, 1944ರಲ್ಲಿ ಸಿಕ್ಕಿಬಿದ್ದು, ಮರಣದಂಡನೆ ತೀರ್ಪಾದರೂ ಅದು ಜಾರಿಯಾಗದೆ, 1945ರಲ್ಲಿ ಬಿಡುಗಡೆಯಾದರು. ಪ್ರಾಗ್‌ನ ತೊಯೆನ್ ತಮ್ಮ ಬಗ್ಗೆ ಮಾತಾಡುವಾಗ ಪುಲ್ಲಿಂಗ ಬಳಸುತ್ತಿದ್ದರು.

ಕೈಯಾರೆ ಮಾಡಿ ನೋಡಿ

ನೋಡಿದ್ದು ತಲೆಗೆ ಇಳಿಯಬೇಕಾದರೆ ಕೈ ಆಡಿಸಬೇಕು. ಸುಲಭದ್ದರಿಂದ ಶುರು ಮಾಡಿ. ಮೂರು ಜನ ಕೂತು ಹಾಳೆಯನ್ನು ಮೂರು ಮಡಿಕೆ ಮಾಡಿ. ಮೊದಲನೆಯವರು ತಲೆ ಬಿಡಿಸಿ, ಕತ್ತಿನ ಎರಡು ಗೆರೆ ಮಾತ್ರ ಮಡಿಕೆಯಾಚೆ ಕಾಣುವಂತೆ ಬಿಟ್ಟು ಮಡಚಿ ಕೊಡಬೇಕು. ಎರಡನೆಯವರು ಮೈ, ಮೂರನೆಯವರು ಕಾಲು. ಸರ್ರಿಯಲಿಸ್ಟರು ಸಂಜೆ ಕೂತು ಆಡುತ್ತಿದ್ದ ಆಟ ಇದು. ಮಕ್ಕಳಿದ್ದರೆ ಇನ್ನೂ ಚೆನ್ನಾಗಿ ಬರುತ್ತದೆ.

ವಾರೋ ಬಳಸುತ್ತಿದ್ದ ಉಪಾಯಕ್ಕೆ ಡಿಕಾಲ್ಕೊಮೇನಿಯಾ ಅಂತ ಹೆಸರು. ಪೋಸ್ಟರ್ ಕಲರನ್ನು ಸ್ವಲ್ಪ ನೀರಿನಲ್ಲಿ ಕಲಸಿ, ನುಣುಪಾದ ಪ್ಲಾಸ್ಟಿಕ್ ಹಾಳೆಯ ಮೇಲೆ ದಪ್ಪಗೆ ಹಚ್ಚಿ. ಒಣಗುವ ಮೊದಲೇ ಡ್ರಾಯಿಂಗ್ ಹಾಳೆಯ ಮೇಲೆ ಬೋರಲು ಹಾಕಿ ಒತ್ತಿ, ನಿಧಾನ ಎಬ್ಬಿಸಿ. ಹವಳ, ಪಾಚಿ, ಬಂಡೆ ಥರದ ಗುರುತು ಬರುತ್ತದೆ. ಹೆಚ್ಚಿನವರು ಇಲ್ಲೇ ನಿಲ್ಲಿಸಿ ಚೆಂದ ಬಂತು ಅಂತ ಫೋಟೋ ಹಾಕುತ್ತಾರೆ. ವಾರೋ ನಿಲ್ಲಿಸುತ್ತಿರಲಿಲ್ಲ. ಅದು ಒಣಗಿದ ಮೇಲೆ ತೀರ ಸಣ್ಣ ಕುಂಚ ಹಿಡಿದು, ಆ ಗುರುತಿನಲ್ಲೇ ಕಾಡು, ಬಟ್ಟೆಯ ಮಡಿಕೆ, ಗೋಡೆ ಎಲ್ಲ ಕಾಣುವಂತೆ ಬಿಡಿಸುತ್ತಿದ್ದಳು. ತಾನಾಗಿ ಬಂದದ್ದು ಕಾಲು ಭಾಗ, ಕೂತು ಮಾಡಿದ್ದು ಮುಕ್ಕಾಲು. ಕನಸಿನ ಚಿತ್ರಕ್ಕೆ ಶಿಸ್ತು ಬೇಡ ಅನ್ನುವವರಿಗೆ ಇದನ್ನು ಮಾಡಲು ಹೇಳಿ.

ಕ್ಯಾರಿಂಗ್ಟನ್ ಮೆಚ್ಚಿದ್ದು ಎಗ್ ಟೆಂಪೆರಾ, ಮೊಟ್ಟೆಯ ಬಣ್ಣ. ಹಳದಿ ಭಾಗ ಬೇರೆ ಮಾಡಿ, ಅಂಗೈಯಲ್ಲಿ ಹೊರಳಿಸಿ ಬಿಳಿ ಅಂಟು ತೆಗೆಯಿರಿ. ಮೇಲಿನ ತೆಳು ಪೊರೆಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, ಕೆಳಗೆ ಚುಚ್ಚಿ, ಒಳಗಿನದು ಬಟ್ಟಲಿಗೆ ಬೀಳಲಿ. ಪೊರೆ ಎಸೆಯಿರಿ. ಸಮ ನೀರು ಸೇರಿಸಿ, ಬಣ್ಣದ ಪುಡಿಯ ಜೊತೆ ಗಾಜಿನ ಮೇಲೆ ಅರೆಯಿರಿ. ಪುಡಿ ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿ, ಸೀಸ ಇರುವ ಬಣ್ಣ ಬೇಡವೇ ಬೇಡ. ಜೆಸ್ಸೊ, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ಲೇಪ, ಹಚ್ಚಿದ ಗಟ್ಟಿ ಹಲಗೆಯ ಮೇಲೆ ಬರೆಯಿರಿ, ಬಗ್ಗುವ ಕ್ಯಾನ್ವಾಸಿನ ಮೇಲಾದರೆ ಬಿರುಕು ಬಿಡುತ್ತದೆ. ಬಹಳ ಬೇಗ ಒಣಗುತ್ತದೆ, ಅದಕ್ಕೇ ಸಣ್ಣ ಸಣ್ಣ ಗೆರೆಯಲ್ಲೇ ಕಟ್ಟುತ್ತ ಹೋಗಬೇಕು. ಅವತ್ತು ಕಲಸಿದ್ದು ಅವತ್ತೇ ಮುಗಿಸಿ, ನಾಳೆಗೆ ನಾರುತ್ತದೆ. ಮೊಟ್ಟೆ ಒಳಗೆ ಬಿಡದ ಮನೆಯಾದರೆ ತಾರಸಿಗೆ ಹೋಗಿ. ಕ್ಯಾರಿಂಗ್ಟನ್‌ಗಂತೂ ಬೇರೆ ಜಾಗವೇ ಇರಲಿಲ್ಲ. ಅವಳ ಚಿತ್ರ ಕೊಳ್ಳುತ್ತಿದ್ದ ಎಡ್ವರ್ಡ್ ಜೇಮ್ಸ್ ಸ್ಟುಡಿಯೋ ನೋಡಲು ಬಂದವನಿಗೆ ಕಂಡದ್ದು ಅಡುಗೆಮನೆ, ಮಕ್ಕಳ ಕೋಣೆ, ಮಲಗುವ ಜಾಗ, ನಾಯಿಗೂಡು, ಗುಜರಿ ಎಲ್ಲ ಸೇರಿದ ಒಂದು ಇಕ್ಕಟ್ಟು ಕೋಣೆ.

ಇನ್ನೊಂದು ಅಭ್ಯಾಸ ಖರ್ಚಿಲ್ಲದ್ದು. ಮನೆಯಲ್ಲಿ 'ಇದು ನಿನ್ನ ಕೆಲಸ' ಅಂತ ನಿಮ್ಮ ಕೈಗೇ ಬರುವ ವಸ್ತು ಒಂದಿರುತ್ತದೆ. ಅದನ್ನು ಇದ್ದ ಹಾಗೇ ಬಿಡಿಸಿ, ಚರ್ಮ ಮಾತ್ರ ಬದಲಾಯಿಸಿ. ಗರಿ, ಮುಳ್ಳು, ಮೀನಿನ ಪೊರೆ, ಏನಾದರೂ. ಗಾತ್ರವನ್ನೂ ಆಟ ಆಡಿಸಬಹುದು, ಟ್ಯಾನಿಂಗ್ ಮಾಡಿದ ಹಾಗೆ.

ಎಲ್ಲಿ ನೋಡುವುದು, ಯಾವುದನ್ನು ನಂಬುವುದು

ಮೆಟ್ (ಮೇಲೆ ಹೇಳಿದ ಮೆಟ್ರೊಪಾಲಿಟನ್), ಮೋಮಾ, ಲಂಡನ್ನಿನ ಟೇಟ್ ಮ್ಯೂಸಿಯಂಗಳ ವೆಬ್‌ಸೈಟುಗಳು ಉಚಿತ. ವಾರೋಳ ದೊಡ್ಡ ಸಂಗ್ರಹ ಇರುವುದು ಮೆಕ್ಸಿಕೋ ನಗರದ ಆಧುನಿಕ ಕಲಾ ಮ್ಯೂಸಿಯಂನಲ್ಲಿ. ಕ್ಯಾರಿಂಗ್ಟನ್ ಹೆಸರಿನ ಮ್ಯೂಸಿಯಂ ಮೆಕ್ಸಿಕೋದ ಸಾನ್ ಲೂಯಿಸ್ ಪೊತೊಸಿಯಲ್ಲಿ 2018ರಲ್ಲಿ ಶುರುವಾಯಿತು. ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನ ವೆನಿಸ್ ಬಿನಾಲೆಗೆ 2022ರಲ್ಲಿ ಅವಳ ಪುಸ್ತಕವೊಂದರ ಹೆಸರನ್ನೇ ಇಟ್ಟಿದ್ದರು, ಅದರಲ್ಲಿ ಹೆಂಗಸರೇ ಜಾಸ್ತಿ. 2024ರ ಮೇ ತಿಂಗಳಲ್ಲಿ ಅವಳ 1945ರ ಚಿತ್ರವೊಂದು ಹರಾಜಿನಲ್ಲಿ 2.85 ಕೋಟಿ ಡಾಲರಿಗೆ ಹೋಯಿತು. ಹೀಗಾಗಿ ಈಗ ಎಲ್ಲ ಕಡೆ ಇವರ ಹೆಸರು, ಜೊತೆಗೆ ನಕಲಿಯೂ. ಪಿಂಟರೆಸ್ಟ್, ವಾಟ್ಸಾಪ್‌ನಲ್ಲಿ ವಾರೋ ಅಂತ ಬರುವುದರಲ್ಲಿ ಬೇರೆಯವರ ಚಿತ್ರ, ಎಐ ಮಾಡಿದ ಚಿತ್ರ ಸೇರಿಕೊಂಡಿರುತ್ತವೆ. ಚಿತ್ರದ ಹೆಸರು, ಇಸವಿ, ಯಾವ ಬಣ್ಣ, ಎಷ್ಟು ಸೆಂಟಿಮೀಟರ್, ಯಾವ ಸಂಗ್ರಹ, ಇವು ಇಲ್ಲದ ಚಿತ್ರ ಫಾರ್ವರ್ಡ್ ಮಾಡಬೇಡಿ. ಅಳತೆ ನೋಡುವುದು ನಕಲಿ ಹಿಡಿಯಲಷ್ಟೇ ಅಲ್ಲ. ಕ್ಯಾರಿಂಗ್ಟನ್‌ಳ ಆ ಸ್ವಂತ ಚಿತ್ರ ಬರೀ 65 ಸೆಂಟಿಮೀಟರ್ ಎತ್ತರ, 81 ಅಗಲ. ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಆ ಚೌಕ ಗುರುತು ಮಾಡಿ ನೋಡಿ, ಕೋಣೆ ಎಷ್ಟು ಇಕ್ಕಟ್ಟು ಅಂತ ಗೊತ್ತಾಗುತ್ತದೆ.

ಕೊನೆಗೆ, ಈ ಮನೆ ಸಾಮಾನಿನ ದಾರಿ ಕೆಲಸ ಮಾಡದ ಕಡೆಯೂ ಇದೆ. ಅಮೆರಿಕದ ಶ್ರೀಮಂತರ ಮಗಳು ಕೇ ಸೇಜ್ 1925ರಲ್ಲಿ ಇಟಲಿಯ ರಾಜಕುಮಾರನೊಬ್ಬನನ್ನು ಮದುವೆಯಾಗಿ, ಹತ್ತು ವರ್ಷ ಬಾಳಿ, ಅದು ಸಾಕಾಗಿ ಬಿಟ್ಟು ಬಂದು ಚಿತ್ರಕ್ಕೆ ಕೂತವಳು. ಅವಳ ಚಿತ್ರಗಳಲ್ಲಿ ಕುರ್ಚಿ ಮೇಜು ಹುಡುಕಿದರೆ ಕೈಗೆ ಏನೂ ಸಿಗುವುದಿಲ್ಲ. ಬೂದು ಬೆಳಕು, ಕಟ್ಟಡ ಕಟ್ಟುವಾಗ ನಿಲ್ಲಿಸುವ ಸಾರುವೆ, ಗಾಳಿಗೆ ಸಿಕ್ಕ ಬಟ್ಟೆ, ಮನುಷ್ಯರೇ ಇಲ್ಲ. ಮೆಟ್‌ನಲ್ಲಿರುವ 1955ರ 'ಟುಮಾರೋ ಈಸ್ ನೆವರ್' ತೆಗೆದು, ಪಟ್ಟಿ ಮಾಡುವುದು ಬಿಟ್ಟು, ಬೆಳಕು ಯಾವ ಕಡೆಯಿಂದ ಬರುತ್ತಿದೆ, ಸಾರುವೆಯ ಒಳಗೆ ಸುತ್ತಿಕೊಂಡಿರುವ ಬಟ್ಟೆಯ ಹಿಂದೆ ಯಾರಾದರೂ ನಿಂತಿರಬಹುದೇ ಅನ್ನುವುದರಿಂದ ಶುರು ಮಾಡಿ.